ಬೀಸುಬಲೆಯ ಲೆಕ್ಕ

ತಕರಾರು ಶುರುವಾದದ್ದು ಶೆಟ್ಲಿಯಿಂದ (ಸಿಗಡಿಗೆ ಇಲ್ಲಿ ಹಾಗೇ ಅನ್ನುವುದು). ಕುರುಡಿ ಮೀನಿಗೆ, ಅಂದರೆ ಹೋಟೆಲಿನವರು ಸೀಬಾಸ್ ಎಂದು ಬೋರ್ಡಿನಲ್ಲಿ ಬರೆಯುವ ಮೀನಿಗೆ, ಗಾಳ ಹಾಕುವವರಿಗೆಲ್ಲ ಗೊತ್ತಿರುವ ಕಷ್ಟ ಅದು. ಆ ಮೀನಿಗೆ ಓಡಾಡುವ ಎರೆ ಬೇಕು. ಜೀವ ಇರುವ ಶೆಟ್ಲಿಯಾದರೂ ಸರಿ, ಬೆರಳುದ್ದದ ಶೇವಟೆ ಮೀನಿನ ಮರಿಯಾದರೂ ಸರಿ. ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ಮಂಜುಗಡ್ಡೆಯ ಮೇಲೆ ಮಲಗಿದ್ದು. ಸಾವಿರಾರು ರೂಪಾಯಿಯ ರಾಡು, ರೀಲು ಕೈಯಲ್ಲಿದ್ದರೂ ಎರೆಗಾಗಿ ಇನ್ನೊಬ್ಬರ ದೋಣಿಯ ದಾರಿ ಕಾಯಬೇಕು.

"ಅದಕ್ಕೇ ನಾನೇ ಒಂದು ಬಲೆ ತರಿಸಿದೆ ಮಾವ," ಎಂದು ಅಳಿಯ ಚೀಲ ಬಿಚ್ಚಿದ. "ಆನ್‌ಲೈನಲ್ಲಿ. ಬೀಸೋದು ಹ್ಯಾಗೆ ಅಂತ ವಿಡಿಯೊನೂ ನೋಡಿದ್ದೇನೆ."

ಮಾವ ಅಘನಾಶಿನಿ ದಂಡೆಯವರು. ಮಿರ್ಜಾನಿನಿಂದ ಕೆಳಗೆ, ಹೊಳೆ ಅಗಲವಾಗುತ್ತ ಸಮುದ್ರದ ಕಡೆ ಹೊರಳುವಲ್ಲಿ ಅವರ ಮನೆ. ಅಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮಾವನಿಗೆ ಸಿಟ್ಟು ಬಂದರೂ ಪ್ರೀತಿ ಬಂದರೂ ಅವನು 'ಮಾಸ್ತರ್ರು'.

"ಮಾಸ್ತರ್ರೇ, ಈ ದಾರ ಎಲ್ಲ ಎಂತಕ್ಕೆ?" ಎಂದರು ಮಾವ, ಬಲೆಯನ್ನು ತಲೆಕೆಳಗು ಮಾಡಿ ನೋಡುತ್ತ.

ಪ್ರಶ್ನೆ ಸಹಜವೇ. ಬೀಸುಬಲೆಯಲ್ಲಿ ಎರಡು ಜಾತಿ. ಅಳಿಯ ತರಿಸಿದ್ದು ಅಮೆರಿಕದ ಕಡೆ ಬಳಸುವ ಮಾದರಿ. ಅದರಲ್ಲಿ ಸೀಸದ ಮಣಿ ಪೋಣಿಸಿದ ಅಂಚಿನಿಂದ ಹಲವಾರು ದಾರಗಳು ಹೊರಟು, ಬಲೆಯ ಒಳಗಿಂದಲೇ ಸಾಗಿ, ತಲೆಯಲ್ಲಿರುವ ಬಳೆಯಂಥ ಪ್ಲಾಸ್ಟಿಕ್ ತುಂಡಿನ ಮೂಲಕ ಹೊರಬಂದು ಕೈಹಗ್ಗಕ್ಕೆ ಸೇರುತ್ತವೆ. ಹಗ್ಗ ಎಳೆದರೆ ಅಂಚೆಲ್ಲ ಒಳಕ್ಕೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ಮಾವನ ಬಲೆಗೆ ದಾರವಿಲ್ಲ. ಅಂಚನ್ನೇ ಒಳಮುಖವಾಗಿ ಮಡಿಸಿ ಅಲ್ಲಲ್ಲಿ ಕಟ್ಟಿರುವುದರಿಂದ ಸುತ್ತಲೂ ಸಣ್ಣ ಸಣ್ಣ ಚೀಲಗಳ ಸಾಲು. ಬಲೆ ಎಳೆಯುವಾಗ ಸೀಸ ನೆಲವನ್ನು ಉಜ್ಜುತ್ತ ಒಂದೆಡೆ ಸೇರುತ್ತದೆ. ತಪ್ಪಿಸಿಕೊಳ್ಳಲು ಕೆಳಗೆ ನುಗ್ಗಿದ ಮೀನು ಆ ಚೀಲದಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಹೊಳೆಗಳಲ್ಲಿ ಕಾಣುವುದು ಹೆಚ್ಚಾಗಿ ಈ ಎರಡನೆಯದು. ನೆಲ ಮುಟ್ಟದಷ್ಟು ಆಳದಲ್ಲಿ ದಾರದ ಬಲೆಯೇ ಮೇಲು, ಏಕೆಂದರೆ ಅದು ನಡುನೀರಿನಲ್ಲೂ ಬಾಯಿ ಮುಚ್ಚುತ್ತದೆ. ಮಾವ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ ಎಂಬುದು ಬೇರೆ ಮಾತು.

"ಸರಿ, ಬೀಸು ನೋಡುವಾ. ಹೊಳೆಗೆ ಬೇಡ, ಇಲ್ಲೇ ಅಂಗಳದಲ್ಲಿ."

ಅಳಿಯ ಹಗ್ಗದ ಕುಣಿಕೆಯನ್ನು ಎಡಗೈ ಮಣಿಕಟ್ಟಿಗೆ ಬಿಗಿದುಕೊಂಡ. ಬಲೆಯನ್ನು ತಲೆಯಿಂದ ಹಿಡಿದು ಎತ್ತಿದ. ಸೀಸದ ಸಾಲಿನ ಒಂದು ತುಣುಕನ್ನು ವಿಡಿಯೊದಲ್ಲಿ ಕಂಡ ಹಾಗೆ ಹಲ್ಲಿನಲ್ಲಿ ಕಚ್ಚಿದ.

"ಉಗುಳು!" ಮಾವ ಗದರಿದರು. "ಬಾಯಿಗೆ ಸೀಸ ಹಾಕ್ತಾರಾ?"

"ಅವರೆಲ್ಲ ಹಾಗೇ ಮಾಡ್ತಾರೆ ಮಾವ."

"ಮಾಡುವವರು ಮಾಡ್ಲಿ. ಹೊಳೆ ತಳದ ಕೆಸರು, ಸೀಸದ ಪುಡಿ ಎರಡೂ ಹೊಟ್ಟೆಗೆ ಹೋಗ್ತದೆ. ಮೀನು ಕೊಸರಿದರೆ ಹಲ್ಲೂ ಹೋಗ್ತದೆ. ಮೊಣಕೈ ಎಂತಕ್ಕೆ ಕೊಟ್ಟಿದ್ದು ದೇವರು?"

ಮೊಣಕೈಯಿಂದ ಬೀಸುವ ವಿಧಾನ ಹೀಗೆ. ಕೈಹಗ್ಗವನ್ನು ಸುರುಳಿ ಮಾಡಿ ಎಡಗೈಯಲ್ಲಿ ಹಿಡಿಯಬೇಕು. ಬಲೆಯ ಮೇಲರ್ಧವನ್ನು ಒಂದೆರಡು ಮಡಿಕೆ ಹಾಕಿ ಅದೇ ಮುಷ್ಟಿಗೆ ಸೇರಿಸಬೇಕು. ಆಗ ಸೀಸದ ಮಣಿಗಳು ಮೊಣಕಾಲಿನ ಆಸುಪಾಸಿಗೆ ಬಂದು ನಿಲ್ಲುತ್ತವೆ. ಅಂಚಿನ ಒಂದು ಭಾಗವನ್ನು ಎತ್ತಿ ಎಡ ಮೊಣಕೈ ಮೇಲೆ ಹಾಕಿಕೊಳ್ಳಬೇಕು. ಜೋತುಬಿದ್ದದ್ದರಲ್ಲಿ ಸುಮಾರು ಅರ್ಧವನ್ನು ಸಿಕ್ಕು ಬಿಡಿಸುತ್ತ ಬಲಗೈ ಬೆರಳುಗಳ ನಡುವೆ ತೆಗೆದುಕೊಳ್ಳಬೇಕು. ಈಗ ಮೈಯನ್ನು ಎಡಕ್ಕೆ ತಿರುಗಿಸಿ, ಸೊಂಟದಿಂದಲೇ ಬಲಕ್ಕೆ ಬೀಸಬೇಕು. ಮೊದಲು ಬಲಗೈ ಬಿಡುತ್ತದೆ, ಹಿಂದೆಯೇ ಎಡಗೈ. ಕೊನೆಗೆ ಮೊಣಕೈ ಮೇಲಿನದು ತಾನಾಗಿ ಜಾರಿಹೋಗುತ್ತದೆ. ತಿರುಗುವ ವೇಗಕ್ಕೆ ಸೀಸದ ಮಣಿಗಳೆಲ್ಲ ಹೊರಕ್ಕೆ ಹಾರಲು ನೋಡುತ್ತವೆ, ನೂಲು ಅವನ್ನು ಹಿಡಿದೆಳೆಯುತ್ತದೆ. ಆ ಎಳೆದಾಟದಲ್ಲೇ ಬಲೆ ಅರಳುವುದು. ತೋಳಿನ ಬಲದಿಂದ ದೂರ ಎಸೆಯಲು ಹೋದವನ ಬಲೆ ತಿರುಗುವುದಿಲ್ಲ, ಮುದ್ದೆಯಾಗಿ ಬೀಳುತ್ತದೆ. ಅಳಿಯನದು ಹಾಗೇ ಬಿತ್ತು.

ಮಾವ ಕುಣಿಕೆಯ ಬಗ್ಗೆಯೂ ಒಂದು ಮಾತು ಹೇಳಿದರು. ಮಣಿಕಟ್ಟಿಗೆ ಬಿಗಿದ ಹಗ್ಗ ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಸೆಳವಿನಲ್ಲಿ ಬಲೆ ಯಾವುದಾದರೂ ಮರದ ಬೊಡ್ಡೆಗೆ ಸಿಕ್ಕಿಕೊಂಡರೆ ಬಲೆಯನ್ನು ಬಿಟ್ಟುಕೊಡಬಹುದು, ಕೈಯನ್ನು ಬಿಟ್ಟುಕೊಡಲು ಬರುವುದಿಲ್ಲ. ಮೊದಲು ಬಲೆಯನ್ನು ನೆನೆಸಿಕೊಳ್ಳಲೂ ಹೇಳಿದರು. ಒಣ ನೈಲಾನು ಗಾಳಿಗೆ ಹಾರಾಡುತ್ತದೆ, ಒದ್ದೆಯಾದದ್ದು ಹೇಳಿದ ಮಾತು ಕೇಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅಳಿಯನ ಬಲೆ ಒಂದು ಮಟ್ಟಿಗೆ ಬಿಚ್ಚತೊಡಗಿತು. ದುಂಡಗೆ ಅಲ್ಲ, ಉದ್ದುದ್ದಕ್ಕೆ. ಅವನಿಗೆ ಸಮಾಧಾನವಿಲ್ಲ.

"ಲೆಕ್ಕ ನೋಡಿ ಮಾವ. ಈ ಬಲೆ ಆರಡಿ. ಅಂದ್ರೆ ತಲೆಯಿಂದ ಅಂಚಿಗೆ ಆರಡಿ, ಪೂರ್ತಿ ಬಿಚ್ಚಿದರೆ ಹನ್ನೆರಡು ಅಡಿ ಅಗಲ. ಆಗ ಸುತ್ತುವರಿಯೋ ಜಾಗ ಸುಮಾರು 113 ಚದರ ಅಡಿ. ಎಂಟೇ ಅಡಿ ಅಗಲ ಬಿಚ್ಚಿತು ಅಂತಿಟ್ಟುಕೊಳ್ಳಿ, ಮೂರರಲ್ಲಿ ಎರಡು ಪಾಲು. ಜಾಗ ಮಾತ್ರ 50 ಚದರ ಅಡಿಗೆ ಇಳೀತದೆ, ಅರ್ಧಕ್ಕಿಂತ ಕಡಿಮೆ. ಅಗಲ ಸ್ವಲ್ಪ ಕಡಿಮೆಯಾದ್ರೆ ಜಾಗ ಅದರ ವರ್ಗದ ಲೆಕ್ಕದಲ್ಲಿ ಹೋಗ್ತದೆ. ಅದಕ್ಕೇ ದುಂಡು ಬೇಕು ಅನ್ನೋದು."

"ನೀರಿನ ಆಳ ಎಷ್ಟು ಇಟ್ಟುಕೊಂಡೆ ನಿನ್ನ ಲೆಕ್ಕದಲ್ಲಿ?"

ಅಳಿಯ ಸುಮ್ಮನಾದ. ಅವನ ಲೆಕ್ಕದಲ್ಲಿ ನೀರೇ ಇರಲಿಲ್ಲ. ಇದು ಅವನೊಬ್ಬನ ಕತೆಯೂ ಅಲ್ಲ. ಬೀಸುಬಲೆಯ ಫೋಟೊ ಎಲ್ಲಿ ನೋಡಿದರೂ ಬಲೆ ಗಾಳಿಯಲ್ಲೇ ಇರುತ್ತದೆ. ಸೂರ್ಯ ಮುಳುಗುವ ಹೊತ್ತು, ದೋಣಿಯ ತುದಿಯಲ್ಲಿ ನಿಂತ ಮನುಷ್ಯ, ನೀರುದೋಸೆಯಷ್ಟು ತೆಳ್ಳಗೆ ದುಂಡಗೆ ಹರಡಿದ ಬಲೆ. ಮೀನು ಸಿಕ್ಕುವುದು ಆ ಕ್ಷಣದಲ್ಲಿ ಅಲ್ಲ. ಸೀಸ ನೀರು ಮುಟ್ಟಿದಾಗಿನಿಂದ ನೆಲ ಮುಟ್ಟುವವರೆಗಿನ ಕೆಲವು ಸೆಕೆಂಡುಗಳಲ್ಲಿ, ಯಾವ ಕ್ಯಾಮೆರಾಕ್ಕೂ ಕಾಣದ ಕಡೆ.

"ಬಲೆ ಇಳಿಯುವಾಗ ಎಂತ ಆಗ್ತದೆ ಹೇಳು. ಸೀಸ ಮುಂದೆ ಹೋಗ್ತದೆ, ತಲೆ ಹಿಂದೆ ಉಳೀತದೆ. ಹೌದನಾ?"

ಅಳಿಯನಿಗೆ ಅಲ್ಲಿಂದ ಮುಂದಿನದು ತಾನಾಗಿ ಹೊಳೆಯಿತು. ಅಂಗಳದ ಮಣ್ಣಿನ ಮೇಲೆ ಕಡ್ಡಿಯಲ್ಲಿ ಒಂದು ಲಂಬಕೋನ ತ್ರಿಭುಜ ಬರೆದ. ತಲೆ ನೀರಿನ ಮೇಲೇ ನಿಂತಿತು ಎಂದಿಟ್ಟುಕೊಂಡರೆ ಬಲೆಯ ಆರಡಿಯೇ ಕರ್ಣ. ನೀರಿನ ಆಳ ಐದಡಿ ಇದ್ದರೆ ಅದು ಒಂದು ಭುಜ. ಮೂವತ್ತಾರರಲ್ಲಿ ಇಪ್ಪತ್ತೈದು ಹೋದರೆ ಹನ್ನೊಂದು, ಅದರ ವರ್ಗಮೂಲ 3.3. ಮೇಲೆ ಆರಡಿ ತ್ರಿಜ್ಯದಲ್ಲಿ ಬಿದ್ದ ಬಲೆ ತಳ ಮುಟ್ಟುವಾಗ 3.3 ಅಡಿಗೆ ಕುಗ್ಗಿರುತ್ತದೆ. ಜಾಗ 113ರಿಂದ ಸುಮಾರು 35 ಚದರ ಅಡಿಗೆ.

"ಅಂದ್ರೆ ಎಷ್ಟೇ ದುಂಡಗೆ ಬೀಸಿದರೂ..."

"ಸೊಂಟದ ಆಳದಲ್ಲಿ ಉದ್ದುದ್ದ ಬಿದ್ದ ಬಲೆ, ತಲೆಯೆತ್ತರದ ನೀರಲ್ಲಿ ದುಂಡಗೆ ಬಿದ್ದದ್ದಕ್ಕಿಂತ ಮೇಲು. ಮತ್ತೆ, ನೀನು ಬಿಟ್ಟ ತಕ್ಷಣ ಹಗ್ಗ ಜಗ್ಗಿ ಹಿಡೀತಿ. ತಲೆ ಇಳಿಯೋದು ಹ್ಯಾಗೆ? ಹಗ್ಗ ಸಡಿಲ ಬಿಡು. ತಲೆಯೂ ಸೀಸದ ಹಿಂದೆ ಹೋಗ್ಲಿ."

ತ್ರಿಭುಜದ ಕರ್ಣವನ್ನು ಮಾವ ಹೆಬ್ಬೆಟ್ಟಿನಿಂದ ಅಳಿಸಿದರು. ತಲೆಯೂ ಇಳಿದರೆ ಲೆಕ್ಕ ಬೇರೆಯಾಗುತ್ತದೆ, ಕುಗ್ಗುವುದು ಕಡಿಮೆಯಾಗುತ್ತದೆ. ಇದನ್ನು ಅಳಿಯನೂ ಒಪ್ಪಿದ.

ಇಳಿಯುವ ವೇಗವನ್ನು ನಿರ್ಧರಿಸುವುದು ಸೀಸ ಮತ್ತು ಕಣ್ಣು. ಬಲೆಯ ಕಣ್ಣು ಸಣ್ಣದಾದಷ್ಟೂ ಅದೇ ಜಾಗದಲ್ಲಿ ನೂಲು ಹೆಚ್ಚು, ಗಂಟು ಹೆಚ್ಚು, ನೀರಿನ ತಡೆ ಹೆಚ್ಚು. ಸೀಸ ಸಾಲದಿದ್ದರೆ ಅದು ನಿಧಾನಕ್ಕೆ ತೇಲುತ್ತ ಇಳಿಯುತ್ತದೆ. ಅಷ್ಟರಲ್ಲಿ ಶೇವಟೆಯಂಥ ಚುರುಕು ಮೀನು ಅಂಚಿನ ಕೆಳಗೆ ನುಸುಳಿ ಹೋಗಿರುತ್ತದೆ. ಕಣ್ಣು ದೊಡ್ಡದಾದರೆ ಬಲೆ ದಡಕ್ಕನೆ ಇಳಿಯುತ್ತದೆ, ಆದರೆ ಎರೆಗೆ ಬೇಕಾದ ಮರಿಗಳು ಕಣ್ಣಲ್ಲಿ ತೂರಿ ಪಾರಾಗುತ್ತವೆ. ಇಲ್ಲವೇ ಕಿವಿರಿನವರೆಗೆ ಸಿಕ್ಕಿ ಸಾಯುತ್ತವೆ. ಸತ್ತ ಎರೆಗಾಗಿ ಬಲೆ ಬೀಸಬೇಕಾಗಿಲ್ಲವಲ್ಲ. ಒಂದೇ ಎಳೆಯ ತೆಳುವಾದ ನೈಲಾನು ಬಂದ ಮೇಲೆ ಇಳಿಯುವ ವೇಗ ಹೆಚ್ಚಿತು, ಕಣ್ಣಿಗೆ ಕಾಣುವುದೂ ಕಡಿಮೆಯಾಯಿತು. ಮಾವನ ಹಳೆಯ ಬಲೆ ಹತ್ತಿಯದು. ನೀರು ಕುಡಿದು ಭಾರವಾಗುತ್ತಿತ್ತು, ಪ್ರತಿ ಸಲ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಅದರ ನೆನಪಿಗೆ ಅವರಲ್ಲಿ ಕಣ್ಣೀರೇನೂ ಉಳಿದಿಲ್ಲ.

ಹೊಳೆಗೆ ಇಳಿದದ್ದು ಸಂಜೆಯ ಇಳಿತಕ್ಕೆ.

ಅಘನಾಶಿನಿಯಲ್ಲಿ ಮೀನು ಏಕಿದೆ ಎಂಬುದಕ್ಕೆ ದೊಡ್ಡ ಕಾರಣ, ಅದಕ್ಕೆ ಯಾರೂ ಅಣೆಕಟ್ಟು ಕಟ್ಟಿಲ್ಲ. ಶಿರಸಿಯ ಕಡೆಯಿಂದ ಹೊರಟ ನೀರು ಘಟ್ಟ ಇಳಿದು ತನ್ನಷ್ಟಕ್ಕೆ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ನಡುವೆ ಎರಡರ ಬೆರಕೆ. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ ಉತ್ಪಾದನೆಗೆ ಬಿಟ್ಟ ನೀರು ವರ್ಷವಿಡೀ ಹರಿದುಬರುವುದರಿಂದ ಅಲ್ಲಿನ ಅಳಿವೆಯ ಉಪ್ಪು ಇಳಿಯಿತು. ಉಪ್ಪಿನ ಜೊತೆ ಬಳಚು ಎಂಬ ಚಿಪ್ಪುಜೀವಿಯೂ, ಹಲವು ಬಗೆಯ ಮೀನೂ ಹೋದವು. ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಮಾವನಿಗೆ ಆ ಹೆಸರು ಗೊತ್ತಿಲ್ಲ. ಬಳಚು ಹೆಕ್ಕಲು ಬರುವ ಹೆಂಗಸರ ದೋಣಿ ನೋಡಿಯೇ ಅವರು ಹೊಳೆಯ ಆರೋಗ್ಯ ಹೇಳುತ್ತಾರೆ.

"ಇಲ್ಲಿ ಬೀಸುವಾ?" ಅಳಿಯ ತೋರಿಸಿದ ಕಡೆ ನೀರು ತಿಳಿಯಾಗಿತ್ತು.

"ಅಲ್ಲಿ ಕೆಳಗೆ ಬಳಚಿನ ಚಿಪ್ಪು ಹಾಸಿಕೊಂಡುಂಟು. ಒಂದೇ ಸಲಕ್ಕೆ ಬಲೆ ಕೊಯ್ದು ಹಾಕ್ತದೆ."

"ಇಲ್ಲಿ?"

"ಮರಳು ತೆಗೆದ ಗುಂಡಿ. ನಿನ್ನ ಬಲೆಯೂ ಮುಳುಗ್ತದೆ, ನೀನೂ ಮುಳುಗ್ತಿ."

"ಆ ಗಜನಿಯ ಬಾಗಿಲ ಹತ್ರ ಮೀನು ಹಾರ್ತಾ ಉಂಟಲ್ಲ ಮಾವ."

"ಹಾರ್ತದೆ. ಗಜನಿಯದ್ದು ಗುತ್ತಿಗೆಯವರದ್ದು ಮಾರಾಯ. ಬೈಸಿಕೊಳ್ಳುವ ಆಸೆ ಇದ್ರೆ ಹೋಗು."

ಗಜನಿ ಎಂದರೆ ಹೊಳೆಯ ಬದಿಯ ಉಪ್ಪುನೀರಿನ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ಭತ್ತ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಡುತ್ತಾರೆ. ಕೂಳೆಯ ನಡುವೆ ಶೆಟ್ಲಿ, ಮೀನು ಬೆಳೆಯುತ್ತವೆ. ಇಳಿತದಲ್ಲಿ ಆ ಬಾಗಿಲಿನಿಂದ ನೀರು ಹೊರಬೀಳುವಾಗ ಜತೆಗೆ ಬರುವ ಸಣ್ಣಪುಟ್ಟ ಜೀವಿಗಳನ್ನು ತಿನ್ನಲು ಹೊಳೆಯ ಮೀನು ಅಲ್ಲಿಗೇ ನೆರೆಯುತ್ತದೆ. ಜಾಗ ತೋರಿಸುವುದರಲ್ಲಿ ಅಳಿಯನ ಕಣ್ಣು ಸರಿಯಾಗಿಯೇ ಇತ್ತು, ಕಾನೂನಿನಲ್ಲಿ ಮಾತ್ರ ಸ್ವಲ್ಪ ಹಿಂದೆ.

ಮಾವ ಆರಿಸಿದ್ದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲಿನ ಹೊರಗೆ, ಮೆತ್ತನೆಯ ಕೆಸರಿನ ಇಳಿಜಾರು. ಉಬ್ಬರವಿದ್ದಾಗ ಮರಿಮೀನುಗಳು ಬೇರುಗಳ ನಡುವೆ ಇರುತ್ತವೆ, ಅಲ್ಲಿ ಬಲೆ ಹಾಕುವಂತಿಲ್ಲ. ನೀರು ಇಳಿದಂತೆ ಅವು ಹೊರಗೆ ಬರಲೇಬೇಕು. ಅದಕ್ಕೇ ಇಳಿತ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಹೆಚ್ಚೆಂದರೆ ಎರಡು ಮೀಟರು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸೆಳವು ಜೋರು. ನೆಲ ಚಪ್ಪಟೆಯಾದ ಅಳಿವೆಯಲ್ಲಿ ಅಷ್ಟೇ ಇಳಿತಕ್ಕೂ ಬಹಳ ಅಗಲದ ಕೆಸರು ಬಯಲಾಗುತ್ತದೆ.

"ಬೆನ್ನಿಗೆ ಸೂರ್ಯ ಇಟ್ಟು ನಿಲ್ಲಬೇಡ. ನಿನಗಿಂತ ಮೊದಲು ನಿನ್ನ ನೆರಳು ಮೀನಿನ ಮೇಲೆ ಬೀಳ್ತದೆ. ಹಾರಿದ ಶೇವಟೆ ಕಂಡಲ್ಲಿ ಬೀಸಬೇಡ, ಅದು ಆಗಲೇ ಹೋಗಿ ಆಯ್ತು. ನೀರು ಸಣ್ಣಗೆ ನಡುಗ್ತದಲ್ಲ, ಗಾಳಿ ಇಲ್ಲದಿದ್ರೂ? ಅದು ಎತ್ಲಾಗೆ ಹೊರಟದೆ ನೋಡು. ಅದರ ಮುಂದೆ ಬೀಸು."

ಅಳಿಯನಿಗೆ ನಡುಗುವ ನೀರೂ ಗಾಳಿಯ ಸುಳಿಯೂ ಒಂದೇ ಥರ ಕಂಡಿತು. ಬೆಳ್ಳಕ್ಕಿಯೊಂದು ಅವನಿಗಿಂತ ಚೆನ್ನಾಗಿ ನೋಡುತ್ತಿತ್ತು. ಸುಮ್ಮನೆ ಕಾಯುವ ಹೊತ್ತಿಗೆ ಅವನು ತಾನು ಓದಿದ್ದನ್ನು ಹೇಳಿದ.

"ಬ್ರೆಜಿಲಿನಲ್ಲಿ ಲಗೂನಾ ಅಂತ ಒಂದು ಊರುಂಟು ಮಾವ. ಅಲ್ಲೂ ಶೇವಟೆಗೆ ಬೀಸುಬಲೆಯೇ. ನೀರು ರಾಡಿ, ಮೀನು ಕಾಣೋದಿಲ್ಲ. ಜನ ನೀರಲ್ಲಿ ಸಾಲಾಗಿ ನಿಲ್ತಾರೆ. ಡಾಲ್ಫಿನ್‌ಗಳು ಮೀನಿನ ಹಿಂಡನ್ನು ದಂಡೆ ಕಡೆ ಅಟ್ಟಿಕೊಂಡು ಬರ್ತವೆ. ಜನರ ಹತ್ರ ಬಂದು ಒಂದು ಡಾಲ್ಫಿನ್ ಥಟ್ಟಂತ ಮುಳುಗಿದರೆ ಅದೇ ಸೂಚನೆ. ಎಲ್ಲರೂ ಬಲೆ ಬೀಸ್ತಾರೆ. ಚೆದುರಿದ ಮೀನು ಡಾಲ್ಫಿನ್‌ಗೆ, ಬಲೆಗೆ ಬಿದ್ದದ್ದು ಇವರಿಗೆ. ನೂರು ವರ್ಷಕ್ಕೂ ಮೀರಿ ನಡೀತಾ ಬಂದದ್ದಂತೆ. ಡ್ರೋನು, ನೀರೊಳಗಿನ ಮೈಕು ಎಲ್ಲ ಇಟ್ಟು ಅಳೆದು 2023ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ರು. ಸೂಚನೆ ಹಿಡಿದು ಸರಿಯಾದ ಹೊತ್ತಿಗೆ ಬೀಸಿದವರಿಗೆ ಹೆಚ್ಚು ಮೀನು, ಡಾಲ್ಫಿನ್‌ಗೂ ಲಾಭ."

"ಹಾಗಾದ್ರೆ ಡಾಲ್ಫಿನ್ ಹೇಳೋದು ಎಂತದು? ಎಲ್ಲಿ, ಯಾವಾಗ. ದುಂಡಗೆ ಬೀಸು ಅಂತ ಹೇಳ್ತದಾ?"

ಅಳಿಯ ನಕ್ಕ. ನಗುವಾಗಲೇ ಮಾವ ಅವನ ಮೊಣಕೈ ತಟ್ಟಿದರು. ಬಲೆ ಹೋಯಿತು. ಒಂದು ಬದಿ ಮಡಿಸಿಕೊಂಡೇ ಬಿತ್ತು. ಅವನು ಹಗ್ಗ ಎಳೆಯಲು ಹೊರಟಾಗ ಮಾವ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಹಗ್ಗ ಬೆರಳುಗಳ ನಡುವೆ ಇನ್ನೂ ಜಾರುತ್ತಿತ್ತು. ಅದು ನಿಂತ ಮೇಲೆ, "ಈಗ. ಮೆಲ್ಲಗೆ. ಜಗ್ಗು, ಬಿಡು, ಜಗ್ಗು. ಸೀಸ ನೆಲ ಬಿಡಬಾರದು."

ಹಗ್ಗದಲ್ಲಿ ತಟಪಟ ಎಂಬ ಸಣ್ಣ ಬಡಿತ ಬಂತು. ಕೈಯಲ್ಲಿ ಹಗ್ಗ ಹಿಡಿದವನಿಗೆ ಮಾತ್ರ ಗೊತ್ತಾಗುವಂಥದ್ದು.

ಬಲೆಯಲ್ಲಿ ಬೆರಳುದ್ದದ ಶೇವಟೆಗಳು, ನಾಲ್ಕಾರು ಶೆಟ್ಲಿ, ಒಂದು ಏಡಿ, ಒಂದು ತೇಡೆ ಮೀನು. ತೇಡೆಯನ್ನು ಮಾವ ಕೈಯಿಂದ ಮುಟ್ಟಲು ಬಿಡಲಿಲ್ಲ. ಅದರ ಬೆನ್ನಿನ ಮುಳ್ಳು, ಎರಡು ಬದಿಯ ಮುಳ್ಳುಗಳು ಸೆಟೆದು ನಿಲ್ಲುತ್ತವೆ, ಚುಚ್ಚಿದರೆ ನಂಜು ಏರುತ್ತದೆ. ಬಲೆಯ ಮೇಲಿಂದಲೇ ಕಡ್ಡಿಯಲ್ಲಿ ಒತ್ತಿ ಕಣ್ಣು ಬಿಡಿಸಿದರು.

"ಎಷ್ಟು ಬೇಕು ನಿನಗೆ?"

"ಹತ್ತು ಹನ್ನೆರಡು ಸಾಕು."

"ಹಾಗಾದ್ರೆ ಉಳಿದದ್ದನ್ನು ಈಗಲೇ ಬಿಡು, ಆಮೇಲೆ ಅಲ್ಲ."

ಶೇವಟೆ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಅಳಿವೆಗೆ ಬಂದು, ಕಾಂಡ್ಲಾ ಬೇರಿನ ನಡುವೆ ಬೆಳೆದು, ಮತ್ತೆ ಸಮುದ್ರಕ್ಕೆ ಹೋಗುತ್ತವೆ. ಎರೆಗೆ ಹಿಡಿಯುವುದೆಂದರೆ ಆ ಮರಿಗಳನ್ನೇ ಹಿಡಿಯುವುದು. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಬೀಸುಬಲೆಯನ್ನು ಆ ಎರಡು ತಿಂಗಳು ತಡೆಯುವುದು ಹೆಚ್ಚಾಗಿ ಹೊಳೆಯ ಕೆಂಪು ನೀರು. ಅಳಿಯ ಫ್ಲಾರಿಡಾದ ಸಂಗತಿ ಎತ್ತಿದ. ಅಲ್ಲಿ 1994ರ ನವೆಂಬರಿನಲ್ಲಿ ಜನರೇ ಮತ ಹಾಕಿ, ಕಿವಿರಿಗೆ ಸಿಕ್ಕಿಸಿ ಹಿಡಿಯುವ ಗಿಲ್‌ನೆಟ್‌ಗಳನ್ನು ರಾಜ್ಯದ ಸಂವಿಧಾನದಲ್ಲೇ ನಿಷೇಧಿಸಿದರು. 1995ರ ಜುಲೈ 1ರಿಂದ ಅದು ಜಾರಿಗೆ ಬಂತು. ಶೇವಟೆ ಹಿಡಿದು ಬದುಕುತ್ತಿದ್ದವರು ಬೀಸುಬಲೆಗೆ ಹೊರಳಿದರು. ಅದಕ್ಕೂ ಅಲ್ಲಿ 14 ಅಡಿಯ ಮಿತಿಯುಂಟು.

"ಹದಿನಾಲ್ಕಡಿ ಬಲೆ ಬೀಸುವವನ ಸೊಂಟ ನೋಡಬೇಕಿತ್ತು," ಎಂದರು ಮಾವ. ಕಾನೂನಿನ ಬಗ್ಗೆ ಏನೂ ಹೇಳಲಿಲ್ಲ.

ಅಳಿಯ ತಂದದ್ದು ಚೌಕದ ಪ್ಲಾಸ್ಟಿಕ್ ಡಬ್ಬಿ. ಶೇವಟೆಗಳು ಅದರ ಮೂಲೆಗೆ ಮೂತಿ ಒತ್ತಿಕೊಂಡು ಗುಂಪುಗೂಡಿದವು. ಮಾವ ಅವನ್ನು ದುಂಡು ಬಕೇಟಿಗೆ ಸುರಿದರು. ಮೂಲೆಯಿಲ್ಲದ ಕಡೆ ಮೀನು ಸುತ್ತುತ್ತ ಇರುತ್ತದೆ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟುವುದಿಲ್ಲ. ಒಣ ಕೈಯಲ್ಲಿ ಮುಟ್ಟಿದರೆ ಮೈಯ ಲೋಳೆಯೂ ಹುರುಪೆಯೂ ಹೋಗುತ್ತವೆ, ಅಂಥದ್ದು ಹೆಚ್ಚು ಹೊತ್ತು ಬದುಕುವುದಿಲ್ಲ. ಬಕೇಟಿನ ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕಡಿಮೆ, ಆದ್ದರಿಂದ ಆಗಾಗ ಅದೇ ಹೊಳೆಯ ನೀರನ್ನು ಬದಲಿಸಬೇಕು. ಅಳಿಯ ಬ್ಯಾಟರಿಯ ಸಣ್ಣ ಗಾಳಿಪಂಪನ್ನು ಹೊರತೆಗೆದ. ಮಾವ ಅದನ್ನು ಮಾತ್ರ ಆಸೆಯಿಂದ ನೋಡಿದರು.

ಶೇವಟೆಗಳಲ್ಲಿ ದೊಡ್ಡವನ್ನು ಅವರು ಬೇರೆ ಮಾಡತೊಡಗಿದ್ದು ಆಮೇಲೆ.

"ಅದು ಎರೆಗೆ ಮಾವ!"

"ಇಷ್ಟು ಒಳ್ಳೇ ಮೀನನ್ನು ಇನ್ನೊಂದು ಮೀನಿಗೆ ತಿನ್ನಿಸ್ತಾರಾ? ಇದು ಹುಳಿಗೆ. ಸಣ್ಣದನ್ನು ನೀನು ಇಟ್ಟುಕೋ."

"ಆಯ್ತು. ನಾಳೆ ಇಳಿತ ಎಷ್ಟು ಗಂಟೆಗೆ?"

"ಇವತ್ತಿಗಿಂತ ಮುಕ್ಕಾಲು ಗಂಟೆ, ಒಂದು ಗಂಟೆ ತಡ. ಬಾ."

"ನಾಳೆ ಶಾಲೆ ಉಂಟು."

"ಹಾಗಾದ್ರೆ ಬಲೆ ಇಲ್ಲೇ ಬಿಟ್ಟು ಹೋಗು. ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿಡ್ತೇನೆ. ಬಿಸಿಲಿಗೆ ನೈಲಾನು ಹಾಳಾಗ್ತದೆ. ಇಲ್ಲೊಂದು ಕಣ್ಣು ಹರಿದದೆ, ಅದನ್ನೂ ಕಟ್ಟಿಡ್ತೇನೆ. ಮತ್ತೆ ಈ ದಾರಗಳನ್ನೆಲ್ಲ ಕಿತ್ತು ಹಾಕಿ, ಅಂಚು ಮಡಿಸಿ ನಮ್ಮ ಥರ ಚೀಲ ಮಾಡಿಬಿಡ್ತೇನೆ."

"ಅದೊಂದು ಬೇಡ ಮಾವ," ಎನ್ನುತ್ತ ಅಳಿಯ ಒದ್ದೆ ಬಲೆಯನ್ನು ಚೀಲಕ್ಕೆ ತುರುಕತೊಡಗಿದ.